ಪೇರಲ ಗಿಡದ ಮೇಲಿನ ಅರಳೆ

ನಮ್ಮ ಓಣಿಯಲ್ಲಿ ಬಿಳಿ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂಜಾನೆ ಮಗ್ಗಗಳು ಶುರುವಾದವೆಂದರೆ ನೂಲಿನ ಅರಳೆ ಕಿಟಕಿಗಳಿಂದ ಹೊರಗೆ ತೇಲಿ ಬರುತ್ತದೆ. ತುಳಸಿಯ ಮೇಲೆ ಕೂಡುತ್ತದೆ, ಮಜ್ಜಿಗೆ ಗಡಿಗೆಯ ಮೇಲೆ ಕೂಡುತ್ತದೆ, ಮಾತಾಡುತ್ತ ನಿಂತವರ ಹುಬ್ಬಿನ ಮೇಲೂ ಕೂಡುತ್ತದೆ. ರಬಕವಿಯಲ್ಲಿ ಹುಟ್ಟಿ ರಬಕವಿಯಲ್ಲೇ ಸೊಸೆಯಾಗಿ ನಡೆದವಳು ನಾನು. ಬಿಳಿ ಕಂಡರೆ ಊದುತ್ತೇನೆ, ಇಲ್ಲವೆ ಬಿಟ್ಟುಬಿಡುತ್ತೇನೆ. ಹೀಗಾಗಿ ನಮ್ಮ ಹಿತ್ತಲ ಪೇರಲ ಗಿಡದ ಎಲೆಗಳ ಕೆಳಗೆ ಬೆಳ್ಳಗೆ ಏನೋ ಕೂತದ್ದನ್ನು ಎಷ್ಟು ದಿನ ನೋಡಿಯೂ ನೋಡದೆ ಓಡಾಡಿದೆನೋ ನನಗೇ ಗೊತ್ತಿಲ್ಲ.

ಆ ಗಿಡ ನಮ್ಮ ಮಗಳದು. ಅದನ್ನು ಯಾರೂ ನೆಟ್ಟಿಲ್ಲ. ಆಕೆ ಸಣ್ಣವಳಿದ್ದಾಗ ಬಚ್ಚಲ ನೀರು ಹರಿಯುವ ಕಡೆ ಕೂತು ಪೇರಲಹಣ್ಣು ತಿಂದು ಬೀಜ ಉಗುಳಿ, “ಯವ್ವಾ, ಇಲ್ಲೆ ನಂದೊಂದು ಗಿಡಾ ಬರತೈತಿ” ಅಂತ ಹೇಳಿ ಒಳಗೆ ಹೋಗಿ ಮಲಗಿಬಿಟ್ಟಳು. ಖರೆನೇ ಬಂತು ನೋಡ್ರಿ. ಆಕೆ ಎತ್ತರ ಆದ ಹಾಗೆ ಅದೂ ಎತ್ತರ ಆಯಿತು. ನಾಗರ ಪಂಚಮಿ ಬಂದಾಗ ಓಣಿಯ ಹುಡುಗಿಯರೆಲ್ಲ ದೊಡ್ಡ ಬೇವಿನ ಗಿಡದ ಜೋಕಾಲಿಗೆ ಓಡಿದರೆ, ಈಕೆ ತನ್ನ ಗಿಡಕ್ಕೇ ಕಟ್ಟಬೇಕೆಂದು ಹಟ ಹಿಡಿದು ಅಪ್ಪನ ಧೋತರ ಜಗ್ಗುತ್ತಿದ್ದಳು. ಪೇರಲದ ಟೊಂಗೆ ನೋಡಲು ಸಣ್ಣದು, ಆದರೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಅದರಲ್ಲಿ ಜೀಕಿ ಜೀಕಿ ಬೆಳೆದವಳನ್ನು ಅನಗವಾಡಿಗೆ ಕೊಟ್ಟೆವು. ಹೊಳೆದಂಡೆಯ ಊರು, ಅಳಿಯಂದಿರದು ಕಬ್ಬಿನ ಹೊಲ.

ಆಮೇಲೆ ಬಹಳ ವರ್ಷ ಆಕೆಗೆ ಮಕ್ಕಳಾಗಲಿಲ್ಲ. ಆ ವರ್ಷಗಳ ಸುದ್ದಿ ಬೇಡ. ಒಂದು ದಿನ ಫೋನ್ ಬಂತು. ಆಕೆ ಅತ್ತಳು, ನಾನೂ ಅತ್ತೆ, ಇಬ್ಬರೂ ಏನೂ ಮಾತಾಡಲಿಲ್ಲ, ಆದರೂ ಎಲ್ಲ ತಿಳಿಯಿತು. ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ಒಂದು ಮುಷ್ಟಿ ರವೆ, ಅದರ ಮೇಲೆ ಸಕ್ಕರೆ ಹಾಕಿಕೊಂಡು ಹಿತ್ತಲಿಗೆ ಬಂದು ಆ ಪೇರಲದ ಬುಡಕ್ಕೆ ಸುರುವಿದೆ. ಇರುವೆಯ ಹೊಟ್ಟೆ ತಣ್ಣಗಾದರೆ ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೂ ತಣ್ಣಗೆ ಅಂತ ನಮ್ಮವ್ವ ನಂಬಿದ್ದಳು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೂಸು ಸಾಲಿ ಮೆಟ್ಟಿಲು ಏರುವ ತನಕ ದಿನಾ ಮುಂಜಾನೆ ತಪ್ಪದೆ ಹಾಕುತ್ತೇನೆ ಅಂತ ಬೇಡಿಕೊಂಡೆ.

ಹೆಣ್ಣು ಕೂಸು ಹುಟ್ಟಿತು. ಈಗ ಇದನ್ನು ಬರೆಯುವಾಗಲೂ ನನ್ನ ಬಾಯಿ ತಾನೇ ಅಗಲಾಗುತ್ತದೆ, ಏನು ಮಾಡಲಿ. ಆಕೆಯ ಕೂದಲು ಜೋಳದ ತೆನೆಯ ಎಳೆ ಇದ್ದ ಹಾಗೆ. ನಗುವಾಗ ಮೊದಲು ಮೂಗು ನಗುತ್ತದೆ, ಆಮೇಲೆ ಬಾಯಿ. ಸಿಟ್ಟು ಬಂದರೆ ನೆಲದ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಾಳೆ, ನಮ್ಮ ಯಜಮಾನರ ತದ್ರೂಪ. ಓಣಿಯಲ್ಲಿ ಯಾರು ಸಿಕ್ಕರೂ ನಾನು ಇದನ್ನೇ ಹೇಳುತ್ತೇನೆ. ಹಾಲಿನವನು ಈಗೀಗ ನಮ್ಮ ಬಾಗಿಲಿಗೆ ಬಂದರೆ ಹಾಲು ಹಾಕಿದವನೇ ಸೈಕಲ್ ಹತ್ತುತ್ತಾನೆ.

ಈ ಸಲದ ಬೇಸಿಗೆಯ ಶುರುವಿನಲ್ಲಿ ಮಗಳು ಫೋನ್ ಮಾಡಿ ಹೇಳಿದಳು: “ಯವ್ವಾ, ಈ ಪಂಚಮಿಗೆ ಕೂಸು ತಾನ ಹಗ್ಗಾ ಹಿಡ್ಕೊಂಡು ಕುಂದರತೈತಿ ಬೇ. ನನ್ನ ಗಿಡಕ್ಕ ಜೋಕಾಲಿ ಕಟ್ಟಂತ ಅಪ್ಪಗ ಈಗಿಂದ ಹೇಳಿಡು.”

ಯಾವ ಟೊಂಗೆಗೆ ಕಟ್ಟುವುದು ಅಂತ ನೋಡಲು ಆ ಮಧ್ಯಾಹ್ನವೇ ಹಿತ್ತಲಿಗೆ ಹೋದೆ. ಬಿಸಿಲಿನಲ್ಲಿ ಓಣಿಯ ಮಗ್ಗಗಳ ಸದ್ದು ದೂರದ ಹೊಳೆಯ ಸದ್ದಿನ ಹಾಗೆ ಕೇಳುತ್ತದೆ, ಕಣ್ಣು ತಾವೇ ಮುಚ್ಚುತ್ತವೆ. ಅರ್ಧ ನಿದ್ದೆಯಲ್ಲೇ ಟೊಂಗೆ ಹಿಡಿದೆ. ಕೈ ಅಂಟಿಕೊಂಡಿತು. ಮೇಲೆ ನೋಡಿದರೆ ಎಲೆಗಳು ದೀಪದ ಹೊಗೆ ಹಿಡಿದ ಗೋಡೆಯ ಹಾಗೆ ಕಪ್ಪಗೆ. ನನ್ನ ಹಣೆಯ ಮೇಲೆ ಸಣ್ಣಗೆ ಒಂದು ಹನಿ ಬಿತ್ತು. ಮೋಡ ಇಲ್ಲ, ಮಳೆ ಇಲ್ಲ. ನಾಲಿಗೆಗೆ ಹಚ್ಚಿಕೊಂಡರೆ ಸಿಹಿ.

ಆ ಸಿಹಿ ಹನಿ ಮೊದಲು ಯಾರಿಗೆ ಕಹಿ ಆಯಿತು ಅಂದರೆ ನಮ್ಮ ಯಜಮಾನರಿಗೆ. ಓಣಿಯೆಲ್ಲ ಕರೆಂಟಿನ ಮಗ್ಗವಾದರೂ ಇವರು ಮಾತ್ರ ಕೈಮಗ್ಗ ಬಿಟ್ಟಿಲ್ಲ. ಬಣ್ಣ ಕಟ್ಟಿದ ನೂಲಿನ ಲಡಿಗಳನ್ನು ಆ ಪೇರಲದ ನೆರಳಲ್ಲೇ ಗಳಕ್ಕೆ ಹಾಕಿ ಆರಿಸುತ್ತಾರೆ.

“ಏ, ಸ್ವಲ್ಪ ಇಲ್ಲೆ ಬಾ,” ಅಂತ ಕರೆದರು. “ನಿನ್ನ ಗಿಡಾ ನನ್ನ ನೂಲಿಗೆ ಪಾಕಾ ಹಾಕೈತಿ ನೋಡು.”

“ಗಿಡಾ ಎಲ್ಲೆರೆ ಪಾಕಾ ಹಾಕತೈತೇನ್ರಿ?”

“ಮತ್ತ ನಾ ಹಾಕೀನೇನು? ಮುಟ್ಟಿ ನೋಡು. ಸೀರಿ ನೇಯೂ ಬದ್ಲಿ ಜಿಲೇಬಿ ಅಂಗಡಿ ಇಡೂಣು.”

ಲಡಿ ಅಂಟಂಟು. ಎಳೆಗೆ ಎಳೆ ಹಿಡಿದಿತ್ತು. ಅದರ ಮೇಲೆ ಕೆಂಪಿರುವೆಗಳು ಸಾಲು ಹಚ್ಚಿದ್ದವು. ಇಂಥ ನೂಲು ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಹಾಯುವುದಿಲ್ಲ, ಹಾಯ್ದರೂ ಹರಿಯುತ್ತದೆ. ಇವರ ಸಿಟ್ಟು ಸುಳ್ಳಲ್ಲ.

“ಕಡದ ಒಗದ್ರ ಪೀಡಾ ಹೋಗತೈತಿ,” ಅಂದರು.

“ಕೂಸಿನ ಜೋಕಾಲಿ?”

“ಬೇವಿನ ಗಿಡಾ ಇಲ್ಲೇನು? ಊರ ಮಂದಿ ಎಲ್ಲಾ ಅಲ್ಲೇ ಜೀಕತಾರ.”

“ಮಗಳು ಇದಕ್ಕ ಕಟ್ಟಂದಾಳ. ಎಷ್ಟ ವರ್ಷದ ಮ್ಯಾಲ ಒಂದ ಮಾತ ಕೇಳ್ಯಾಳ ನಿಮಗ.”

ಅವರು ಗಳದ ಮೇಲಿನ ಲಡಿ ತೆಗೆದರು. ಆಮೇಲೆ ಲಡಿ ಹೆಗಲಿಗೆ ಹಾಕಿಕೊಂಡು ಅಂದರು, “ಪಂಚಮಿ ತನಕ ನೋಡತೇನಿ. ಅಷ್ಟರಾಗ ನನ್ನ ನೂಲಿನ ಮ್ಯಾಲ ಹನಿ ಬೀಳೂದು ನಿಲ್ಲಲಿಲ್ಲಂದ್ರ ಕೊಡ್ಲಿ ತರೂದ ಖರೆ. ಆಮ್ಯಾಲ ಅತ್ತು ಕರದು ಮಾಡೂವಂಗಿಲ್ಲ.”

ನಮ್ಮವರು ಆಡಿದ ಮಾತಿಗೆ ತಪ್ಪುವವರಲ್ಲ, ಕೆಟ್ಟ ಮಾತಾದರೂ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕಪ್ಪು ಎಲೆ ನೋಡಿ, “ಅಕ್ಕಾ, ನೀ ಮೊಮ್ಮಗಳ ಸುದ್ದಿ ಊರ ತುಂಬ ಹೇಳಕೋಂತ ತಿರಗತಿ. ಮಂದೀ ದೃಷ್ಟಿ ಕೂಸಿಗೆ ತಾಕೂದು ಗಿಡಕ್ಕ ತಾಕೈತಿ. ಲಿಂಬಿಹಣ್ಣು ಕಟ್ಟು” ಅಂದಳು. ಕಟ್ಟಿದೆ. ಲಿಂಬೆಹಣ್ಣಿನ ಮೇಲೂ ಸಿಹಿ ಹನಿ ಬಿದ್ದು ಅದಕ್ಕೂ ಇರುವೆ ಹತ್ತಿದವು.

ಆಗ ನಾನು ಮಾಡಬೇಕಾದ್ದನ್ನು ಮಾಡಿದೆ. ಎಲೆ ಮಗುಚಿ ಕಣ್ಣು ಹತ್ತಿರ ತಂದು ನೋಡಿದೆ. ಎಲೆಯ ಬೆನ್ನಿಗೆ, ನಡುವಿನ ನರದ ಗುಂಟ, ಹಸಿರು ಹಳದಿ ಬಣ್ಣದ ಚಪ್ಪಟೆ ಮಚ್ಚೆಗಳು ಸಾಲಾಗಿ ಕೂತಿದ್ದವು, ಅಂಗಿಗೆ ಗುಂಡಿ ಹೊಲಿದ ಹಾಗೆ. ಕೆಲವು ಮಚ್ಚೆಗಳ ಕೆಳಗಿನಿಂದ ಬಿಳಿ ಅರಳೆ ಉಕ್ಕಿತ್ತು. ಒಂದು ಚೂರು ಅರಳೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದೆ. ನಮ್ಮ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹತ್ತಿಯ ಅರಳೆಯಾದರೆ ಎರಡು ಸಲ ಹೊಸೆಯುವುದರೊಳಗೆ ಎಳೆಯಾಗುತ್ತದೆ. ಇದು ಎಳೆಯಾಗಲಿಲ್ಲ. ಮೇಣದ ಹಾಗೆ ಮೆತ್ತಿ, ಮುದ್ದೆಯಾಗಿ, ಬೆರಳಿಗೆ ಹತ್ತಿತು. ಅದರೊಳಗೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ತತ್ತಿಗಳು, ರಾಗಿ ಕಾಳಿನ ಹಿಟ್ಟಿನ ಹಾಗೆ ಉದುರಿದವು. ಟೊಂಗೆಯ ಮೇಲಿನ ಒಂದು ಮಚ್ಚೆಯನ್ನು ಉಗುರಿನಿಂದ ಕೆರೆದರೆ ಅದು ಎದ್ದು ಬಂತು, ಹಳದಿ ನೀರು ಒಸರಿತು, ಕೆಳಗಿನ ತೊಗಟೆ ಇದ್ದ ಹಾಗೇ ಇತ್ತು. ಅಂದರೆ ಇದು ಗಿಡದ ಮೈಯಲ್ಲ, ಗಿಡದ ಗಂಟೂ ಅಲ್ಲ. ಗಿಡದ ಮೇಲೆ ಕೂತ ಜೀವ.

ಅಳಿಯಂದಿರಿಗೆ ವಿಡಿಯೋ ಫೋನ್ ಹಚ್ಚಿದೆ.

“ಅತ್ತೀ, ನಿಮ್ಮ ಕಿವಿ ಕಾಣಾಕತ್ತೈತ್ರಿ,” ಅಂದರು ಅವರು. “ಫೋನ್ ಎಲಿ ಕಡೆ ಹಿಡೀರಿ.”

ಹಿಡಿದೆ. ನೋಡಿದವರೇ, “ಹುರುಪಿ ಹುಳಾರೀ ಇದು,” ಅಂದರು. “ನಮ್ಮ ಕಬ್ಬಿಗೂ ಹತ್ತತಾವು, ಅವು ಬ್ಯಾರೆ ಜಾತಿ. ಒಣ ಎಲಿ, ರವದಿ ಸುಲದ್ರ ಕಬ್ಬಿಗೆ ಬೂದಿ ಬಡದಂಗ ಕಾಣತಾವು. ಇವು ಮರಿ ಇದ್ದಾಗಷ್ಟ ತಿರಗಾಡತಾವ್ರಿ. ದೊಡ್ಡವಾಗಿ ಒಮ್ಮೆ ಬಾಯಿ ಚುಚ್ಚಿ ಕುಂತ್ವು ಅಂದ್ರ ಹೆಚ್ಚಾಗಿ ಏಳಂಗಿಲ್ಲ. ರಸಾ ಕುಡಿದು ಹೆಚ್ಚಾದ ಸಿಹಿ ಹೊರಗ ಬಿಡತಾವು. ಅದು ಬಿದ್ದಲ್ಲೆ ಕರೀ ಬೂಷ್ಟ ಬೆಳೀತೈತಿ.”

“ಕಬ್ಬಿಗೆ ಹೊಡ್ಯೂ ಔಷಧಾ ಒಂದೀಟು ಕಳಸ್ರಲಾ.”

“ಬ್ಯಾಡ್ರಿ. ಹಣ್ಣು ತಿನ್ನೂ ಗಿಡಾ, ಕೂಸು ಕೈಗೆ ಸಿಕ್ಕಿದ್ದು ಬಾಯಿಗೆ ಹಾಕತೈತಿ. ಸಬಕಾರದ ನೀರಿಲೆ ತಿಕ್ಕಿ ತೊಳೀರಿ. ಭಾಳ ಹತ್ತಿದ ಟೊಂಗಿ ಕೊಯ್ದು ಸುಡ್ರಿ. ಎಲ್ಲಾಕ್ಕಿಂತ ಮೊದಲ ಇರುವಿ ಬಂದ ಮಾಡ್ರಿ. ಇರುವಿ ಇರೂತನಕ ಇವು ಹೋಗಂಗಿಲ್ಲ.” ಅಷ್ಟರಲ್ಲಿ ಕೂಸು ಫೋನ್ ಕಸಿದುಕೊಂಡಿತು. ಆಮೇಲೆ ನನಗೆ ಅದರ ಮೂಗಿನ ಹೊಳ್ಳೆ ಬಿಟ್ಟು ಏನೂ ಕಾಣಲಿಲ್ಲ. ಅದನ್ನೇ ಬಹಳ ಹೊತ್ತು ನೋಡಿದೆ.

ಇರುವೆ ಯಾಕೆ ಅಂತ ಆ ಸಂಜೆ ಗಿಡದ ಕೆಳಗೆ ಕೂತು ನಾನೇ ಕಂಡುಕೊಂಡೆ. ಒಂದು ಇರುವೆ ಹುರುಪೆಯ ಹತ್ತಿರ ಹೋಗಿ ಮೀಸೆಯಿಂದ ಮೆಲ್ಲಗೆ ಅದರ ಬೆನ್ನು ತಟ್ಟುತ್ತದೆ. ಹುರುಪೆ ಒಂದು ಹನಿ ಬಿಡುತ್ತದೆ. ಇರುವೆ ಕುಡಿದು ಮುಂದಿನದಕ್ಕೆ ಹೋಗುತ್ತದೆ. ಆಕಳ ಕೆಚ್ಚಲು ಸವರಿ ಹಾಲು ಹಿಂಡುವವರ ಕೈ ಹಾಗೇ ಇರುತ್ತದೆ. ಹೊತ್ತು ಮುಳುಗುವ ಬೆಳಕು ಎಲೆಗಳ ಸಂದಿನಿಂದ ಬೀಳುತ್ತಿತ್ತು, ನನಗೆ ಕನಸಿನಲ್ಲಿ ಯಾರದೋ ಕೊಟ್ಟಿಗೆ ನೋಡಿದ ಹಾಗಾಯಿತು. ಅಷ್ಟರಲ್ಲಿ ಸಾಸಿವೆ ಗಾತ್ರದ ಒಂದು ಕರಿ ಕೆಂಪು ದುಂಬಿ ಹಾರಿ ಬಂದು ಎಲೆಯ ಮೇಲೆ ಇಳಿಯಿತು. ಎಲ್ಲಿದ್ದವೋ ಇರುವೆಗಳು, ಮೈಮೇಲೆ ಬಿದ್ದು ಅದನ್ನು ಓಡಿಸಿಬಿಟ್ಟವು. ಕಾವಲೂ ಅವೇ ಕಾಯುತ್ತಿದ್ದವು.

ಕಾಲ ಬುಡದಲ್ಲಿ ನೋಡಿದೆ. ಮುಂಜಾನೆ ನಾನೇ ಹಾಕಿದ ರವೆ ಸಕ್ಕರೆ. ಅಲ್ಲಿಂದ ಎದ್ದ ಸಾಲು ನೇರ ಗಿಡ ಹತ್ತಿತ್ತು. ಮೊಮ್ಮಗಳಿಗೆ ಅಂತ ನಾನು ಕರೆದು ಕೂರಿಸಿದ ಬೀಗರು, ಮೊಮ್ಮಗಳ ಜೋಕಾಲಿಯ ಗಿಡವನ್ನೇ ಹಾಲು ಕರೆಯುವ ಹಟ್ಟಿ ಮಾಡಿಕೊಂಡಿದ್ದರು.

ನನಗೆ ರೊಟ್ಟಿ ಸೇರಲಿಲ್ಲ. ಸಕ್ಕರೆ ನಿಲ್ಲಿಸಿದರೆ ಗಿಡ ಉಳಿದೀತು. ಆದರೆ ಕೂಸಿನ ಹೆಸರಿನಲ್ಲಿ ಬೇಡಿಕೊಂಡದ್ದನ್ನು ನಡುವೆ ಬಿಡುವುದು ಹೇಗೆ? ಆ ಕೂಸಿಗಾಗಿ ಎಷ್ಟು ಕಾದವರು ನಾವು. ಒಂದು ಕೆಮ್ಮು ಬಂದರೂ ನಾನೇ ಕಾರಣ ಅನ್ನಿಸುತ್ತದೆ. ಯಜಮಾನರು ನನ್ನ ಮುಖ ನೋಡಿ ಕೇಳಿದರು, ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

“ಬೇಡ್ಕೊಳ್ಳೂವಾಗ ಪೇರಲ ಗಿಡದ ಬುಡಕ ಅಂತ ವಿಳಾಸ ಕೊಟ್ಟಿದ್ದೇನು?”

“ಇಲ್ರಿ. ಇರುವಿಗೆ ಅಂದಿದ್ದೆ ಅಷ್ಟ.”

“ಮತ್ತ? ಇರುವಿಗೆ ಹಾಕು. ಅತ್ತಾಗ ಹಾಕು. ಇರುವಿ ಏನ ಕಾಲಿಲ್ಲದ ಜೀವಾನೇನು?”

ಅಷ್ಟೇ ಹೇಳಿ ಕೈ ತೊಳೆಯಲು ಎದ್ದು ಹೋದರು. ನಾನು ಇನ್ನೂ ಎರಡು ರೊಟ್ಟಿ ತಿಂದೆ.

ಮರುದಿನದಿಂದ ಬುಡದಲ್ಲಿ ಹಾಕುವುದು ಬಿಟ್ಟು ಒಂದು ಗೇಣು ಆಚೆ ಹಾಕಿದೆ. ಅವು ಅಲ್ಲಿಗೆ ಬಂದವು. ಮುಂದಿನ ದಿನ ಇನ್ನೊಂದು ಗೇಣು. ರಂಗೋಲಿ ಎಳೆ ಬಿಡುವ ಹಾಗೆ ಬೆರಳ ಸಂದಿಯಿಂದ ಸಣ್ಣಗೆ ಸಕ್ಕರೆ ಬಿಡುತ್ತ ಹಿತ್ತಲ ಮೂಲೆಯ ಹಾಳು ಗೋಡೆಯ ಕಡೆ ಕರೆದೊಯ್ಯಲು ಶುರು ಮಾಡಿದೆ. ಬಂದ ಅತಿಥಿಯನ್ನು ಮಾತಾಡಿಸುತ್ತ ಮಾತಾಡಿಸುತ್ತ ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬರುವುದಿಲ್ಲವೇ, ಹಾಗೆ.

ಅದೇ ಹೊತ್ತಿಗೆ ಮಗಳು ಕೂಸನ್ನು ಕರೆದುಕೊಂಡು ಬೇಸಿಗೆ ಕಳೆಯಲು ಬಂದಳು. ಒಂದು ಮುಂಜಾನೆ ನಾನು ಸಕ್ಕರೆ ಎಳೆ ಬಿಟ್ಟು ತಿರುಗಿ ನೋಡಿದರೆ, ಕೂಸು ಮಂಡಿಯೂರಿ ನನ್ನ ಹಿಂದೆಯೇ ಬರುತ್ತಿದೆ. ಬೆರಳು ಒದ್ದೆ ಮಾಡಿ ಮಾಡಿ, ಬಿಟ್ಟ ಸಕ್ಕರೆಯನ್ನೆಲ್ಲ ಮಣ್ಣಿನ ಸಮೇತ ನೆಕ್ಕುತ್ತಿದೆ. ತುಟಿಗೆಲ್ಲ ರವೆ.

“ಅಯ್ಯ, ಇರುವಿ ಪಾಲು ತಿಂತಲ್ಲೇ!” ಅಂತ ನಾನು ಕೂಗಿದೆ.

ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತಿದ್ದ ಯಜಮಾನರು, “ತಿನ್ಲಿ ಬಿಡು,” ಅಂದರು. “ಇಷ್ಟ ದಿನಾ ನಿನ್ನ ಸಕ್ರಿ ಇರುವಿ ಕೈಯಾಗ ಹೋಗಿ ಆಕಿಗೆ ಮುಟ್ಟತಿತ್ತು. ಇವತ್ತ ನಡುವಿನ ದಲ್ಲಾಳಿ ಇಲ್ಲದ ನೇರ ಮುಟ್ಟಿತು.”

ಮಗಳು ನಕ್ಕು ನಕ್ಕು ಬಾವಿಯ ಗಡಗಡೆ ಹಿಡಿದುಕೊಂಡಳು. ಆ ನಗು ಎಷ್ಟೋ ವರ್ಷ ನಮ್ಮ ಹಿತ್ತಲಲ್ಲಿ ಇರಲಿಲ್ಲ. ನಾನು ಸಕ್ಕರೆಯ ಬುಟ್ಟಿ ಹಿಡಿದು ಅದನ್ನು ಕೇಳುತ್ತ ನಿಂತೆ.

ಇರುವೆ ದಾರಿ ಬದಲಿಸಿದರೂ ರುಚಿ ಬಿಡಲಿಲ್ಲ. ಕೆಲವು ಮತ್ತೆ ಗಿಡ ಹತ್ತುತ್ತಿದ್ದವು. ಆಗ ಮಗಳೂ ನಾನೂ ಬುಡಕ್ಕೆ ಹಳೆ ಧೋತರದ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಹರಿದ ನೂಲಿನ ಕಸ ಸುತ್ತಿ, ಪಕ್ಕದ ಮನೆಯ ಮಗ್ಗಕ್ಕೆ ಹಾಕುವ ಗ್ರೀಸ್ ತಂದು ಹಚ್ಚಿದೆವು. ಗ್ರೀಸ್ ತೊಗಟೆಗೆ ತಾಕಬಾರದು, ತಾಕಿದರೆ ಗಿಡಕ್ಕೆ ಉಸಿರು ಕಟ್ಟುತ್ತದೆ, ಅದಕ್ಕೇ ಕೆಳಗೆ ಅರಿವೆ. ಗೋಡೆಗೆ ತಾಗಿದ ಎರಡು ಟೊಂಗೆ ಕೊಯ್ದೆವು, ಇಲ್ಲದಿದ್ದರೆ ಅವು ಗೋಡೆಯಿಂದ ದಾಟುತ್ತವೆ. ತೀರಾ ಬಿಳಿ ಹಿಡಿದ ಕುಡಿಗಳನ್ನು ಚೀಲದಲ್ಲಿ ತುಂಬಿ ಹಂಡೆಯ ಒಲೆಗೆ ಹಾಕಿದೆವು.

ತಿಕ್ಕಲು ನಮ್ಮತ್ತೆಯ ಕಾಲದ ಕುಂಚ ಅಟ್ಟದಿಂದ ಇಳಿಸಿದೆ. ಓಣಿಯಲ್ಲಿ ಉದ್ದ ಎಳೆಗಳ ಹಾಸು ಎಳೆದು ನೂಲಿಗೆ ಗಂಜಿ ಹಚ್ಚುತ್ತಿದ್ದ ಕುಂಚ ಅದು. ಎಳೆ ಹರಿಯದ ಹಾಗೆ ಮೆತ್ತಗೆ ಹಾಯುವ ಅಭ್ಯಾಸ ಅದಕ್ಕಿದೆ, ನನ್ನ ಕೈಗೂ ಇದೆ. ಮೊದಲ ದಿನ ಅವಸರ ಮಾಡಿ ಅರಿವೆ ಒಗೆಯುವ ಪುಡಿಯನ್ನು ದಪ್ಪಗೆ ಕಲಸಿ ನಡು ಮಧ್ಯಾಹ್ನ ತೊಳೆದೆ. ಎಲೆಯ ಅಂಚು ಸುಟ್ಟ ಹಪ್ಪಳದ ಹಾಗೆ ಮುದುಡಿದವು. ಆಮೇಲೆ ಮೈಗೆ ಹಚ್ಚುವ ಸಬಕಾರವನ್ನು ತೆಳ್ಳಗೆ ಕರಗಿಸಿ, ನಾಲ್ಕು ಹನಿ ಬೇವಿನೆಣ್ಣೆ ಬಿಟ್ಟು, ಒಂದೇ ಟೊಂಗೆಗೆ ಹಚ್ಚಿ ಎರಡು ದಿನ ಕಾದು ನೋಡಿ, ಸಂಜೆಯ ತಂಪಿನಲ್ಲಿ ಎಲ್ಲ ಎಲೆಗೆ ಹಚ್ಚಿದೆ. ಎಲೆಯ ಮೇಲೆ ಅಲ್ಲ, ಬೆನ್ನಿಗೆ. ಅವು ಇರುವುದೇ ಅಲ್ಲಿ. ಟೊಂಗೆಯ ಕವಲು, ಗಂಟಿನ ಸಂದಿ, ಅಲ್ಲೆಲ್ಲ ಕುಂಚದ ತುದಿ. ಕೂಸು ಕೆಳಗೆ ನಿಂತು ನನ್ನ ಸೀರೆಯ ಸೆರಗಿನಿಂದ ಕಾಂಡ ಒರೆಸಿತು. ಅದರ ಎತ್ತರಕ್ಕೆ ಸಿಕ್ಕಷ್ಟು ಕಾಂಡ ಲಕಲಕ.

ಕಪ್ಪು ಎಲೆಗಳದು ಇನ್ನೂ ಚಂದದ ಕಥೆ. ಮಸಿ ಸಬಕಾರಕ್ಕೆ ಪೂರ್ತಿ ಹೋಗಲಿಲ್ಲ. ಯಜಮಾನರು ಹಾಸಿನ ನೂಲಿಗೆ ಅಂತ ಗಂಜಿ ಕಾಸಿದ್ದರು, ಅದರಲ್ಲಿ ಒಂದು ತಂಬಿಗೆ ತೆಳ್ಳಗೆ ಮಾಡಿ ಎಲೆಗಳ ಮೇಲೆ ಚಿಮುಕಿಸಿದೆ. ನೂಲಿಗೆ ಹಿಡಿಯುವ ಗಂಜಿ ಮಸಿಗೆ ಹಿಡಿಯದೇ ಇರುತ್ತದೆಯೇ ಅಂತ. ಬಿಸಿಲೇರಿದ ಹಾಗೆ ಗಂಜಿ ಒಣಗಿತು, ಬಿಗಿಯಿತು, ಆಮೇಲೆ ಅಂಚಿನಿಂದ ಸುರುಳಿ ಸುತ್ತಿಕೊಂಡು ಏಳತೊಡಗಿತು. ಮಧ್ಯಾಹ್ನ ಸಣ್ಣ ಗಾಳಿ ಬೀಸಿದ್ದೇ ತಡ, ಕರಿ ಹಾಳೆಯ ಚೂರುಗಳು ಗಿಡದಿಂದ ಉದುರಿದವು, ಸುಟ್ಟ ಕಾಗದ ತೇಲಿ ಬರುವ ಹಾಗೆ ಮೆಲ್ಲಗೆ, ತಿರುಗುತ್ತ. ಅವುಗಳ ಹಿಂದೆ ಹಸಿರು ಎಲೆ ಕಣ್ಣು ತೆರೆದವು. ಕೂಸು ಆ ಕರಿ ಚೂರುಗಳನ್ನು ಹಿಡಿಯಲು ಎರಡೂ ಕೈ ಎತ್ತಿ ಗಿಡದ ಸುತ್ತ ತಿರುಗಿತು. ಒಂದೂ ಸಿಗಲಿಲ್ಲ, ಆದರೂ ನಕ್ಕಿತು. ಆ ಮಧ್ಯಾಹ್ನ ಈಗಲೂ ನನ್ನ ಕಣ್ಣೊಳಗೆ ತಿರುಗುತ್ತದೆ. ನಿದ್ದೆ ಬರದಾಗ ಅದನ್ನೇ ಕರೆದುಕೊಳ್ಳುತ್ತೇನೆ.

ಒಮ್ಮೆ ತೊಳೆದರೆ ಮುಗಿಯಿತು ಅಂದುಕೊಂಡಿದ್ದೆ. ಅಳಿಯಂದಿರು, “ಅರಳಿ ಒಳಗಿನ ತತ್ತಿ ಉಳದಿರತಾವ್ರಿ, ಮರಿ ಹೊರಬಿದ್ದಾಗ ಮತ್ತ ತೊಳೀಬೇಕು, ಅವಾಗ ಲಗೂನ ಸಾಯತಾವು” ಅಂದಿದ್ದರು. ಮರಿ ಹೊರಬಿದ್ದದ್ದು ತಿಳಿಯುವುದು ಹೇಗೆ? ಕರಿ ಸೀರೆಯ ಒಂದು ತುಂಡನ್ನು ಟೊಂಗೆಯ ಕೆಳಗೆ ಹಿಡಿದು ಟೊಂಗೆ ತಟ್ಟಿದೆ. ಅರಿಷಿಣದ ಪುಡಿಯ ಹಾಗೆ ಏನೋ ಉದುರಿತು. ಉಸಿರು ಹಿಡಿದು ನೋಡಿದರೆ ಆ ಪುಡಿ ನಡೆಯುತ್ತಿತ್ತು. ಆ ಸಂಜೆಯೇ ಮತ್ತೆ ತೊಳೆದೆ. ವಾರ ಬಿಟ್ಟು ಮತ್ತೊಮ್ಮೆ.

ಆಮೇಲೆ ಒಂದು ದಿನ ಎಲೆಯ ಮೇಲೆ ದೊಡ್ಡ ಬಿಳಿಯೊಂದು ಕಂಡಿತು, ಮೈತುಂಬ ಜಡೆಜಡೆಯಾಗಿ ಅರಳೆ ಹೊತ್ತುಕೊಂಡಿತ್ತು. ಇದೇ ಇವುಗಳ ಗೌಡ ಇರಬೇಕು ಅಂತ ಹೆಬ್ಬೆರಳು ಒಯ್ದೆ. ಮಗಳು ನನ್ನ ಕೈ ಹಿಡಿದಳು.

“ತಡಿ ಬೇ ಯವ್ವಾ. ಇದು ನಡ್ಯಾಕತ್ತೈತಿ.”

ಹೌದಲ್ಲ. ಕೂತವು ಕೂತಲ್ಲೇ ಇರುತ್ತವೆ, ಇದು ಸರಸರ ನಡೆಯುತ್ತಿತ್ತು. ಇಬ್ಬರೂ ತಲೆಗೆ ತಲೆ ಹಚ್ಚಿ ನೋಡಿದೆವು. ಅದು ಹುರುಪೆಯ ಬಿಳಿ ಗಂಟಿಗೆ ಹೋಗಿ ಬಾಯಿ ಹಾಕಿತು. ತತ್ತಿಯನ್ನೆಲ್ಲ ಗಬಗಬ ತಿಂದು ಮುಂದಿನ ಗಂಟಿಗೆ ಹೋಯಿತು. ಇರುವೆ ಓಡಿಸಿದ್ದ ಆ ಕರಿ ಕೆಂಪು ದುಂಬಿಯ ಮರಿ ಅದು ಅಂತ ಅಳಿಯಂದಿರು ಆಮೇಲೆ ಹೇಳಿದರು. ಕಾವಲಿನವರು ಹೋದ ಮೇಲೆ ಇವು ಬಂದಿದ್ದವು. ಅವು ಬಂದಮೇಲೆ ನಾನು ಕುಂಚ ಎತ್ತಿಟ್ಟೆ. ಅವುಗಳ ಮೇಲೆ ಸಬಕಾರ ಬಿದ್ದರೆ ನಮ್ಮ ಕೈಯಾರೆ ನಮ್ಮವರನ್ನೇ ಕೊಂದ ಹಾಗೆ.

ಮಗಳು ಕೂಸನ್ನು ಕರೆದುಕೊಂಡು ಊರಿಗೆ ಹೋದಳು. ಮುಂಗಾರಿನ ಮಿರ್ಗದ ಮಳೆ ಎರಡು ಸಲ ಸುರಿದು ಗಿಡದ ತಲೆ ತೊಳೆಯಿತು. ದಿನಾ ಮುಂಜಾನೆ ಗೋಡೆಮೂಲೆಯಲ್ಲಿ ಇರುವೆಗೆ ಹಾಕಿ, ಗಿಡದ ಹತ್ತಿರ ಬಂದು ಒಂದೆರಡು ಹುರುಪೆ ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದೆ. ಸತ್ತರೂ ಅವು ಉದುರುವುದಿಲ್ಲ, ಅಂಟಿಕೊಂಡೇ ಇರುತ್ತವೆ, ಹಾಗಾಗಿ ಕಣ್ಣಿಗೆ ಗಿಡ ಮೊದಲಿನ ಹಾಗೇ ಕಾಣುತ್ತದೆ. ಉಗುರಿಗೇ ತಿಳಿಯುವುದು. ಮೊದಲು ಹಸಿ ಇದ್ದದ್ದು, ಈಗ ಒಣ ಹೊಟ್ಟಿನ ಹಾಗೆ ಪುಡಿಯಾಗುತ್ತಿತ್ತು. ಎಲ್ಲ ಹೋದವು ಅಂತ ಸುಳ್ಳು ಹೇಳುವುದಿಲ್ಲ. ಅಲ್ಲೊಂದು ಇಲ್ಲೊಂದು ಹಸಿ ಸಿಗುತ್ತಿತ್ತು. ಕೆಂಪಗೆ ಹೊಸ ಕುಡಿ ಒಡೆದಿತ್ತು. ಆದರೂ ಯಜಮಾನರು ತಂದಿಟ್ಟ ಕೊಡಲಿ ಅಟ್ಟದ ಮೆಟ್ಟಿಲ ಹತ್ತಿರ ನಿಂತೇ ಇತ್ತು.

ಪಂಚಮಿಯ ಮುಂಚಿನ ದಿನ ಜೋಳದ ಅಳ್ಳು ಹುರಿಯುತ್ತಿದ್ದೆ. ಅವರು ಒಂದು ಬಿಳಿ ನೂಲಿನ ಲಡಿ ತಂದು, ಮುಂಜಾನೆಯೇ ಪೇರಲದ ನಟ್ಟನಡುವಿನ ನೆರಳಿಗೆ ಗಳ ಹಾಕಿ ತೂಗಿಬಿಟ್ಟರು. ಸಂಜೆಯ ತನಕ ಆ ಲಡಿ ಅಲ್ಲೇ ತೂಗಿತು. ನಾನು ಉಂಡಿ ಕಟ್ಟುತ್ತ ಹತ್ತು ಸಲ ಬಾಗಿಲಿಗೆ ಬಂದೆ. ಹೊತ್ತು ಇಳಿದಮೇಲೆ ಅವರು ಬಂದು ಲಡಿ ತೆಗೆದು, ಕಣ್ಣು ಮುಚ್ಚಿ, ಎರಡು ಬೆರಳಿನ ನಡುವೆ ಎಳೆ ಎಳೆಯಾಗಿ ಹಾಯಿಸಿದರು. ಇಡೀ ಜೀವಮಾನ ನೂಲು ಹಿಡಿದ ಬೆರಳು, ಅದಕ್ಕೆ ಸುಳ್ಳು ನಡೆಯುವುದಿಲ್ಲ. ಎಲ್ಲೂ ನಿಲ್ಲಲಿಲ್ಲ. ನೀರಿನ ಹಾಗೆ ಜಾರಿತು.

ಲಡಿ ಸುತ್ತಿ ಕೈಯಲ್ಲಿ ಹಿಡಿದರು. ಒಳಗೆ ಹೋದರು. ಏನೋ ಜಗ್ಗುವ ಸದ್ದು ಕೇಳಿತು. ಕೊಡಲಿಯೇ ಏನೋ ಅಂತ ನಾನು ಎದ್ದು ಓಡಿದರೆ, ಅವರ ಹೆಗಲ ಮೇಲೆ ಒಂದು ಹಲಗೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗಕ್ಕೆ ಕೂಡುವ ಹಲಗೆ. ಅವರಪ್ಪ ಕೂತದ್ದು, ಇವರೂ ಹರೆಯದಲ್ಲಿ ಕೂತದ್ದು, ಕೂತು ಕೂತು ನಡುವೆ ತಗ್ಗಾದದ್ದು.

“ಬರೀ ಹಗ್ಗದ ಮ್ಯಾಲ ಕುಂದರಸಿದ್ರ ಕೂಸಿಗೆ ಚುಚ್ಚತೈತಿ,” ಅಂದರು, ನನ್ನ ಕಡೆ ನೋಡದೆ. “ತಗ್ಗಿನ್ಯಾಗ ಕುಂತ್ರ ಜಾರಂಗಿಲ್ಲ.”

“ಕೊಡ್ಲಿ ಎಲ್ಲೆ ಇಡ್ಲಿ?”

“ಅಟ್ಟದ ಮ್ಯಾಲ ಇಡು. ಅಡ್ಡ ನಿಂತೈತಿ, ಯಾರರೆ ಎಡವ್ಯಾರು.”

ಹಗ್ಗ ಕಟ್ಟಿ, ಮೊದಲು ತಾವೇ ಜೋತುಬಿದ್ದು ಟೊಂಗೆ ನೋಡಿದರು. ಈ ವಯಸ್ಸಿನಲ್ಲಿ ಕಾಲು ಮೇಲೆತ್ತಿ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ, “ಮಾಮಾ, ಹ್ಯಾಂಗೈತಿ ಗಾಳಿ?” ಅಂತ ಕೇಳಿದಳು. “ನಿಮ್ಮ ಅಕ್ಕ ನೂಕಿದ್ರ ಇನ್ನೂ ಛಲೋ ಇರತಿತ್ತು” ಅಂದರು ಇವರು. ನಾನು ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದೆ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಮಗಳು ಬಂದಳು. ಕೂಸಿಗೆ ಹೊಸ ಅಂಗಿ, ಕೈತುಂಬ ಹಸಿರು ಬಳೆ. ನಾಗಪ್ಪನಿಗೆ ಹಾಲೆರೆದು, ಉಂಡಿ ತಿನ್ನಿಸಿ, ಹಲಗೆಯ ತಗ್ಗಿನಲ್ಲಿ ಕೂರಿಸಿದೆವು. ಕೂಸು ಎರಡೂ ಕೈಯಲ್ಲಿ ಹಗ್ಗ ಹಿಡಿಯಿತು. ಯಾರೂ ಹೇಳಿಕೊಡಲಿಲ್ಲ. ಹಿಡಿದು, ತನ್ನ ತಾಯಿಯ ಮುಖ ನೋಡಿತು. ಮಗಳು ಮೆಲ್ಲಗೆ ನೂಕಿದಳು. ಜೋಕಾಲಿ ಹೋಯಿತು, ಬಂತು. ಓಣಿಯಲ್ಲಿ ಹಬ್ಬಕ್ಕೆ ಮಗ್ಗ ನಿಂತಿದ್ದವು, ಹಗ್ಗದ ಕಿರ್ ಕಿರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊಸ ಎಲೆಗಳ ನೆರಳು ಕೂಸಿನ ಮುಖದ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಒಂದು ಸಲ ನನಗೆ ಜೋಕಾಲಿಯಲ್ಲಿ ಇರುವುದು ಮಗಳೋ ಮೊಮ್ಮಗಳೋ ತಿಳಿಯಲಿಲ್ಲ. ತಿಳಿಯುವುದೂ ಬೇಕಾಗಿರಲಿಲ್ಲ.

ಆಗ ಟೊಂಗೆ ಅಲುಗಿ, ಮೇಲಿನಿಂದ ಬೆಳ್ಳಗೆ ಒಂದು ಚೂರು ತೇಲಿ ಬಂದು ಕೂಸಿನ ಕೂದಲ ಮೇಲೆ ಕೂತಿತು. ಜೋಕಾಲಿ ಹಿಡಿದು ನಿಲ್ಲಿಸಿದೆ. “ಏನ ಆತು ಬೇ?” ಅಂದಳು ಮಗಳು. ಯಜಮಾನರೂ ಎದ್ದು ಬಂದರು. ನಾನು ಆ ಬಿಳಿಯನ್ನು ಎರಡು ಬೆರಳಿನಲ್ಲಿ ತೆಗೆದು, ಎಲ್ಲರ ಮುಂದೆ, ಮೆಲ್ಲಗೆ ಹೊಸೆದೆ.

ಎಳೆಯಾಯಿತು.

ನಮ್ಮ ಓಣಿಯ ಅರಳೆಯೇ. ನಿನ್ನೆಯದೋ ಮೊನ್ನೆಯದೋ, ಯಾವ ಕಿಟಕಿಯಿಂದ ಹಾರಿ ಬಂದು ಎಲೆಯ ಮೇಲೆ ಕೂತಿತ್ತೋ. ಯಜಮಾನರು ಅದನ್ನು ನನ್ನ ಬೆರಳಿನಿಂದ ಇಸಿದುಕೊಂಡು, ಎಳೆದು ನೋಡಿ, “ಗಟ್ಟಿ ಐತಿ” ಅಂದರು. ಆ ಗೇಣುದ್ದದ ಎಳೆಯನ್ನು ಕೂಸಿನ ಮುಂಗೈಗೆ, ಹಸಿರು ಬಳೆಗಳ ಮೇಲೆ, ನಾನೇ ಸುತ್ತಿ ಕಟ್ಟಿದೆ. ಕೂಸು ಅದನ್ನು ನೋಡಿತು, ಮೂಗಿನಲ್ಲಿ ನಕ್ಕಿತು, ಮತ್ತೆ ಹಗ್ಗ ಹಿಡಿದು ಕಾಲು ಅಲ್ಲಾಡಿಸಿತು, ನೂಕು ಅಂತ.

ಈ ಸಲ ನಾನು ನೂಕಿದೆ.